ದತ್ತು ಮಗುವಿನ ಬಣ್ಣ, ಜಾತಿ, ಮನೆತನ: ಅರ್ಜಿಯಲ್ಲಿ ಏನು ಕೇಳಬಹುದು, ಏನು ಕೇಳುವಂತಿಲ್ಲ

ಮಗುವನ್ನು ದತ್ತು ತೆಗೆದುಕೊಳ್ಳೋಣ ಎಂದು ಗಂಡ ಹೆಂಡತಿ ಮನಸ್ಸು ಮಾಡಿದ ಕೂಡಲೇ ನಮ್ಮ ಕಡೆಯ ಮನೆಗಳಲ್ಲಿ ಏಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಕೂಸು ಯಾವ ಮಂದೀದು? ಬಣ್ಣ ಹ್ಯಾಂಗದ? ಹಡೆದವರು ಯಾರು? ನಾಳೆ ಮದುವೆ ಹೊತ್ತಿಗೆ ಬೀಗರು ಕೇಳಿದರೆ ಏನು ಹೇಳೋದು? ಹೀಗೆ ಕೇಳುವವರು ಕೆಟ್ಟವರೇನಲ್ಲ. ಮಗು ಬೇಡ ಎನ್ನುವ ಉದ್ದೇಶವೂ ಬಹಳ ಸಲ ಇರುವುದಿಲ್ಲ. ಆದರೆ ಉತ್ತರ ಸಿಗದೆ ಎಷ್ಟೋ ಜನ ಅರ್ಜಿ ಹಾಕುವುದನ್ನೇ ಮುಂದೂಡುತ್ತಾರೆ. ಮುಂದೂಡಿದಷ್ಟೂ ವಯಸ್ಸು ಏರುತ್ತದೆ.

ನವೆಂಬರ್ ತಿಂಗಳನ್ನು ದೇಶದಲ್ಲಿ ದತ್ತು ಜಾಗೃತಿ ತಿಂಗಳಾಗಿ ಆಚರಿಸುತ್ತಾರೆ. ಆಗ ಹಂಚುವ ಕರಪತ್ರಗಳಲ್ಲಿ ಯಾವ ದಾಖಲೆ ಬೇಕು, ಅರ್ಜಿ ಎಲ್ಲಿ ಹಾಕಬೇಕು ಅಂತೆಲ್ಲ ಇರುತ್ತದೆ. ಬಣ್ಣ, ಜಾತಿ, ಮನೆತನದ ಮಾತಿಗೆ ಅಲ್ಲಿ ಜಾಗ ಕಡಿಮೆ. ಮನೆಯೊಳಗೆ ನಡೆಯುವ ಚರ್ಚೆ ಮಾತ್ರ ಅದರ ಸುತ್ತಲೇ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ. ಕಾನೂನು ನಮಗೆ ಏನನ್ನು ಆಯ್ಕೆ ಮಾಡಲು ಬಿಡುತ್ತದೆ, ಏನನ್ನು ಬಿಡುವುದಿಲ್ಲ, ಯಾಕೆ?

## ದತ್ತು ತೆಗೆದುಕೊಳ್ಳಲು ಎರಡು ದಾರಿ

ಮೊದಲನೆಯದು ನಮ್ಮ ಊರುಗಳಿಗೆ ಹಳೆಯ ಪರಿಚಯ. ಅಣ್ಣನಿಗೆ ಮೂವರು ಮಕ್ಕಳು, ತಮ್ಮನಿಗೆ ಒಂದೂ ಇಲ್ಲ. ಹಿರಿಯರು ಕೂತು ಮಾತಾಡಿ ಒಂದು ಮಗುವನ್ನು ತಮ್ಮನ ಉಡಿಗೆ ಹಾಕುತ್ತಾರೆ. ಇದಕ್ಕೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಇದೆ. ಹಿಂದೂಗಳ ಜೊತೆ ಜೈನ, ಬೌದ್ಧ, ಸಿಖ್ಖರಿಗೂ ಅದು ಅನ್ವಯಿಸುತ್ತದೆ. ಮಗುವಿಗೆ ಸಾಮಾನ್ಯವಾಗಿ 15 ವರ್ಷ ತುಂಬಿರಬಾರದು. ಕೊಡುವವರು ಹೆತ್ತವರೇ ಆಗಿರಬೇಕು, ಅಥವಾ ಕೋರ್ಟಿನ ಅನುಮತಿ ಪಡೆದ ಪಾಲಕರಾಗಿರಬೇಕು. ಮಗುವನ್ನು ನಿಜವಾಗಿ ಕೈಯಿಂದ ಕೈಗೆ ಕೊಟ್ಟು ತೆಗೆದುಕೊಂಡಿರಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದತ್ತಕ ಪತ್ರ ನೋಂದಾಯಿಸಿದರೆ ಮುಂದೆ ತಕರಾರು ಬಂದಾಗ ಅದೇ ದೊಡ್ಡ ಆಧಾರ.

ಎರಡನೆಯದು 2015ರ ಬಾಲ ನ್ಯಾಯ ಕಾಯ್ದೆಯ ದಾರಿ. ಹೆತ್ತವರಿಲ್ಲದ, ಯಾರೋ ಬಿಟ್ಟುಹೋದ, ಅಥವಾ ಹೆತ್ತವರೇ ಸರ್ಕಾರಕ್ಕೆ ಒಪ್ಪಿಸಿದ ಮಕ್ಕಳು ಈ ದಾರಿಯಲ್ಲಿ ಬರುತ್ತಾರೆ. ಯಾವ ಧರ್ಮದವರಾದರೂ ದತ್ತು ತೆಗೆದುಕೊಳ್ಳಬಹುದು. ಶಬನಂ ಹಾಶ್ಮಿ ಪ್ರಕರಣದಲ್ಲಿ 2014ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಅದಕ್ಕೆ ಮೊದಲು ಮುಸ್ಲಿಂ, ಕ್ರೈಸ್ತ, ಪಾರ್ಸಿ ಕುಟುಂಬಗಳು ಬಹುತೇಕ 1890ರ ಪಾಲಕತ್ವ ಕಾಯ್ದೆಯನ್ನೇ ನೆಚ್ಚಿಕೊಂಡಿದ್ದವು. ಅದರಲ್ಲಿ ಮಗುವಿನ ಪಾಲಕರಾಗಬಹುದಿತ್ತು, ಕಾನೂನಿನ ಪ್ರಕಾರ ತಂದೆ ತಾಯಿ ಆಗುವಂತಿರಲಿಲ್ಲ.

ಈ ಎರಡನೇ ದಾರಿಯನ್ನು ನೋಡಿಕೊಳ್ಳುವುದು ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ. ಎಲ್ಲರೂ ಕಾರಾ ಎನ್ನುತ್ತಾರೆ. ಜಿಲ್ಲೆಯಲ್ಲಿ ಮಕ್ಕಳ ರಕ್ಷಣಾ ಘಟಕ, ಮಕ್ಕಳ ಕಲ್ಯಾಣ ಸಮಿತಿ, ಮಕ್ಕಳನ್ನು ಇಟ್ಟುಕೊಂಡು ಸಾಕುವ ವಿಶೇಷ ದತ್ತು ಸಂಸ್ಥೆ ಇದರ ಕೆಲಸ ಮಾಡುತ್ತವೆ.

ಮೊದಲ ದಾರಿಯಲ್ಲಿ ಮಗು ಯಾರದು ಎಂದು ಎಲ್ಲರಿಗೂ ಗೊತ್ತು. ಜಾತಿ, ಬಣ್ಣದ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಎರಡನೇ ದಾರಿಗೆ ಕಾಲಿಟ್ಟಾಗ ಮಾತ್ರ ಅವು ಏಳುತ್ತವೆ. ಮುಂದೆ ಹೇಳುವುದೆಲ್ಲ ಮುಖ್ಯವಾಗಿ ಈ ಎರಡನೇ ದಾರಿಯ ಬಗ್ಗೆ.

## ನಮ್ಮ ನಿರೀಕ್ಷೆಗಳು ಎಲ್ಲಿಂದ ಬಂದವು

ದತ್ತು ಎಂದರೆ ಮಗುವಿಗೊಂದು ಮನೆ ಎಂಬ ಯೋಚನೆ ಹೊಸದು. ಹಿಂದೆ ದತ್ತು ಇದ್ದದ್ದು ಮನೆಗೊಂದು ಮಗ ಬೇಕೆಂದು. ವಂಶ ನಡೆಯಬೇಕು, ಆಸ್ತಿಗೆ ವಾರಸುದಾರ ಬೇಕು, ಸತ್ತ ಮೇಲೆ ಕರ್ಮ ಮಾಡುವವನು ಬೇಕು. ಕಿತ್ತೂರಿನ ಕಥೆ ನಮಗೆಲ್ಲ ಗೊತ್ತು. ದೊರೆ ಮಗನನ್ನು ದತ್ತು ತೆಗೆದುಕೊಂಡದ್ದನ್ನು ಬ್ರಿಟಿಷರು ಒಪ್ಪಲಿಲ್ಲ, 1824ರಲ್ಲಿ ರಾಣಿ ಚೆನ್ನಮ್ಮ ಯುದ್ಧಕ್ಕೇ ನಿಂತರು. ಅಲ್ಲಿ ದತ್ತುಮಗ ಎಂದರೆ ಸಂಸ್ಥಾನದ ಉಳಿವು.

ವಂಶಕ್ಕಾಗಿ ದತ್ತು ಎಂದಾಗ ಮಗ ನಮ್ಮವನಂತೆಯೇ ಇರಬೇಕು ಎಂಬ ನಿಯಮ ಸಹಜವಾಗಿ ಬರುತ್ತದೆ. ಹಳೆಯ ಹಿಂದೂ ಕಾನೂನಿನಲ್ಲಿ ಗಂಡುಮಗುವನ್ನಷ್ಟೇ ದತ್ತು ತೆಗೆದುಕೊಳ್ಳುತ್ತಿದ್ದರು, ಅದೂ ತಮ್ಮದೇ ವರ್ಣದಿಂದ. 1956ರ ಕಾಯ್ದೆ ಇವೆರಡನ್ನೂ ತೆಗೆದುಹಾಕಿತು. ಹೆಣ್ಣುಮಗುವಿಗೂ ದಾರಿ ಆಯಿತು, ಒಂದೇ ಜಾತಿ ಆಗಿರಬೇಕೆಂಬ ಶರತ್ತೂ ಹೋಯಿತು. ಕಾನೂನು ಬದಲಾಗಿ ಸುಮಾರು 70 ವರ್ಷ ಆಯಿತು. ಮನೆಯ ಮಾತು ಅಷ್ಟು ಬೇಗ ಬದಲಾಗಿಲ್ಲ.

ಇನ್ನೊಂದು ಕಾರಣವೂ ಇದೆ. ಅದನ್ನು ಹಗುರಾಗಿ ತಳ್ಳಿಹಾಕಬಾರದು. ಮಕ್ಕಳಿಲ್ಲದ ಹೆಣ್ಣುಮಗಳು ನಮ್ಮ ಕಡೆ ಕೇಳುವ ಮಾತು ಕಡಿಮೆಯೇನಲ್ಲ. ಸೀಮಂತಕ್ಕೆ ಕರೆಯುವುದಿಲ್ಲ, ಉಡಿ ತುಂಬುವಾಗ ಹಿಂದೆ ಸರಿಸುತ್ತಾರೆ. ಇಷ್ಟು ನೋವು ಉಂಡವರು, ದತ್ತು ಮಗು ನೋಡಲು ತಮ್ಮಂತೆಯೇ ಇದ್ದರೆ ಯಾರೂ ಏನೂ ಕೇಳುವುದಿಲ್ಲ ಎಂದು ಆಸೆ ಪಡುತ್ತಾರೆ. ಬಣ್ಣ ಹೊಂದಬೇಕು ಎನ್ನುವುದರ ಹಿಂದೆ ಬಹಳ ಸಲ ಇರುವುದು ಈ ಮುಚ್ಚಿಡುವ ಆಸೆ. ಮಗುವಿನ ಮೇಲಿನ ತಿರಸ್ಕಾರ ಅಲ್ಲ.

## ಅರ್ಜಿಯಲ್ಲಿ ಯಾವುದಕ್ಕೆ ಆಯ್ಕೆ ಇದೆ

ಕಾರಾದ ವೆಬ್‌ಸೈಟಿನಲ್ಲಿ ನೋಂದಣಿ ಮಾಡುವಾಗ ಮಗುವಿನ ವಯಸ್ಸು ಎಷ್ಟಿರಬೇಕು, ಗಂಡೋ ಹೆಣ್ಣೋ ಅಥವಾ ಯಾವುದಾದರೂ ಆದೀತೋ, ಯಾವ ರಾಜ್ಯದ ಮಗು, ಆರೋಗ್ಯ ಹೇಗಿರಬೇಕು ಎಂದು ಕೇಳುತ್ತಾರೆ. ವಿಶೇಷ ಆರೈಕೆ ಬೇಕಾದ ಮಗುವನ್ನು ಒಪ್ಪುತ್ತೀರಾ, ಅಣ್ಣ ತಂಗಿ ಇಬ್ಬರನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತೀರಾ ಎಂದೂ ಹೇಳಬಹುದು. ಮಗುವಿನ ಬಣ್ಣಕ್ಕೆ, ಜಾತಿಗೆ, ಧರ್ಮಕ್ಕೆ ಮಾತ್ರ ಆಯ್ಕೆ ಇಲ್ಲ.

ಇದು ಮರೆತು ಬಿಟ್ಟದ್ದಲ್ಲ. ಬಾಲ ನ್ಯಾಯ ಕಾಯ್ದೆಯ 3ನೇ ಸೆಕ್ಷನ್‌ನಲ್ಲಿ ಕೆಲವು ಮೂಲ ತತ್ವಗಳಿವೆ. ಲಿಂಗ, ಜಾತಿ, ಜನಾಂಗ, ಹುಟ್ಟಿದ ಜಾಗ, ಅಂಗವೈಕಲ್ಯ, ಹೀಗೆ ಯಾವ ಕಾರಣಕ್ಕೂ ಮಗುವಿಗೆ ಭೇದ ಮಾಡಬಾರದು ಎನ್ನುವುದು ಅದರಲ್ಲೊಂದು. ಬಣ್ಣಕ್ಕೊಂದು ಕಾಲಂ ಇಟ್ಟರೆ ಏನಾಗುತ್ತದೆ ಎಂದು ಯೋಚನೆ ಮಾಡಿ. ಕೆಂಪಗಿರುವ ಮಕ್ಕಳಿಗೆ ಉದ್ದನೆ ಸಾಲು ನಿಲ್ಲುತ್ತದೆ. ಕಪ್ಪಗಿರುವ ಮಗು ಸಂಸ್ಥೆಯಲ್ಲೇ ಬೆಳೆಯುತ್ತದೆ, ಅದೂ ತಾನು ಮಾಡದ ತಪ್ಪಿಗೆ.

ಹಿಂದೆ ಆಗುತ್ತಿದ್ದದ್ದೂ ಹೆಚ್ಚು ಕಡಿಮೆ ಇದೇ. ದಂಪತಿ ನೇರವಾಗಿ ಸಂಸ್ಥೆಗೆ ಹೋಗುತ್ತಿದ್ದರು, ಮಕ್ಕಳನ್ನು ನೋಡುತ್ತಿದ್ದರು, ಮನಸ್ಸಿಗೆ ಬಂದ ಮಗುವನ್ನು ಕೇಳುತ್ತಿದ್ದರು. 2015ರಲ್ಲಿ ನೋಂದಣಿ ಆನ್‌ಲೈನ್ ಆಯಿತು. ಈಗ ಸರದಿ ಬಂದಾಗ ಒಂದು ಮಗುವಿನ ವಿವರ ಕಂಪ್ಯೂಟರಿನಲ್ಲಿ ಬರುತ್ತದೆ: ಫೋಟೋ, ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ. ಆ ಮಗು ಬೇಕು ಎಂದು ಕಾಯ್ದಿರಿಸಲು ಇರುವುದು 48 ಗಂಟೆ. ಕಾಯ್ದಿರಿಸಿದ ಮೇಲೆ ಸಂಸ್ಥೆಗೆ ಹೋಗಿ ಮಗುವನ್ನು ನೋಡಿ, ನಿಮ್ಮದೇ ಡಾಕ್ಟರಿಗೆ ಬೇಕಾದರೂ ತೋರಿಸಿ, ಒಪ್ಪಿಗೆ ಕೊಡಬೇಕು. ಒಂದಾದ ಮೇಲೆ ಒಂದರಂತೆ ಮೂರು ಸಲ ಮಗುವಿನ ವಿವರ ಬಂದು, ಮೂರನ್ನೂ ಕಾಯ್ದಿರಿಸದಿದ್ದರೆ ಒಂದು ವರ್ಷ ಮತ್ತೆ ನೋಂದಣಿ ಮಾಡುವಂತಿಲ್ಲ.

ಬಣ್ಣದ ಪ್ರಶ್ನೆ ಮತ್ತೆ ನುಸುಳುವುದು ಈ 48 ಗಂಟೆಯಲ್ಲಿ. ಅರ್ಜಿಯಲ್ಲಿ ಬಣ್ಣ ಕೇಳಿರುವುದಿಲ್ಲ, ಆದರೆ ಫೋಟೋ ಕಣ್ಣ ಮುಂದೆ ಇರುತ್ತದೆ. ಅದನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿ ಯಾರಾದರೂ ಏನಾದರೂ ಅಂದರೆ ಮುಗಿಯಿತು. ನನ್ನ ಮಟ್ಟಿಗೆ ಹೇಳುವುದಾದರೆ, ಆ ಫೋಟೋವನ್ನು ಗಂಡ ಹೆಂಡತಿ ಬಿಟ್ಟು ಬೇರೆ ಯಾರಿಗೂ ಕಳಿಸಬಾರದು. ಮಗುವಿನ ಗುರುತು ಗುಟ್ಟಾಗಿ ಇರಬೇಕು ಎನ್ನುವುದು ಕಾನೂನಿನ ಮಾತೂ ಹೌದು.

ವಯಸ್ಸಿನ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೂಡುವವರಿಗೆ ಪೆಟ್ಟು ಬೀಳುವುದು ಇಲ್ಲೇ. 2022ರ ದತ್ತು ನಿಯಮಗಳ ಪ್ರಕಾರ ಎರಡು ವರ್ಷದೊಳಗಿನ ಮಗು ಬೇಕಿದ್ದರೆ ಗಂಡ ಹೆಂಡತಿಯ ವಯಸ್ಸು ಕೂಡಿದರೆ 85 ದಾಟಬಾರದು. ಎರಡರಿಂದ ನಾಲ್ಕು ವರ್ಷದ ಮಗುವಿಗೆ 90, ನಾಲ್ಕರಿಂದ ಎಂಟಕ್ಕೆ 100, ಅದಕ್ಕಿಂತ ದೊಡ್ಡ ಮಗುವಿಗೆ 110. ಒಬ್ಬರೇ ದತ್ತು ತೆಗೆದುಕೊಳ್ಳುವುದಾದರೆ ಈ ಮಿತಿ 40, 45, 50, 55. ಒಬ್ಬಂಟಿ ಗಂಡಸು ಹೆಣ್ಣುಮಗುವನ್ನು ದತ್ತು ತೆಗೆದುಕೊಳ್ಳುವಂತಿಲ್ಲ. ಗಂಡ ಹೆಂಡತಿ ಸೇರಿ ತೆಗೆದುಕೊಳ್ಳುವುದಾದರೆ ಮದುವೆಯಾಗಿ ಎರಡು ವರ್ಷವಾದರೂ ಆಗಿರಬೇಕು.

ಸಾಲು ಎಷ್ಟು ಉದ್ದ ಇದೆ? ಸಂಸತ್ತಿನ ಸ್ಥಾಯಿ ಸಮಿತಿ 2022ರ ಆಗಸ್ಟ್‌ನಲ್ಲಿ ಕೊಟ್ಟ ವರದಿ ನೋಡಿ. 2021ರ ಡಿಸೆಂಬರ್ ಹೊತ್ತಿಗೆ ನೋಂದಣಿ ಮಾಡಿಸಿ ಕಾಯುತ್ತಿದ್ದವರು 27,939. ದತ್ತಿಗೆ ಕಾನೂನು ಪ್ರಕಾರ ಮುಕ್ತ ಎಂದು ಘೋಷಣೆಯಾದ ಮಕ್ಕಳು ಬರೀ 2,430. ಐದು ವರ್ಷದಲ್ಲಿ ಕಾಯುವ ಅವಧಿ ಒಂದರಿಂದ ಮೂರು ವರ್ಷಕ್ಕೆ ಏರಿದೆ ಎಂದೂ ಸಮಿತಿ ಹೇಳಿತು. ಆಯ್ಕೆ ಕಿರಿದಾದಷ್ಟೂ, ಅಂದರೆ ಚಿಕ್ಕ ಕೂಸೇ ಬೇಕು, ಇದೇ ರಾಜ್ಯದ್ದೇ ಬೇಕು ಎಂದಷ್ಟೂ, ಕಾಯುವುದು ಜಾಸ್ತಿ.

## ಮೈಬಣ್ಣ ಹೇಗೆ ಬರುತ್ತದೆ

ನಮ್ಮ ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣದ ವಸ್ತು ಇರುತ್ತದೆ. ಅದು ಹೆಚ್ಚಿದ್ದರೆ ಮೈ ಕಪ್ಪು, ಕಡಿಮೆ ಇದ್ದರೆ ಬಿಳಿ. ಬಿಸಿಲಿನ ನೇರಳಾತೀತ ಕಿರಣದಿಂದ ಚರ್ಮವನ್ನು ಕಾಯುವುದು ಅದರ ಕೆಲಸ. ಬಿಸಿಲು ಜಾಸ್ತಿ ಇರುವ ನಾಡುಗಳಲ್ಲಿ ಸಾವಿರಾರು ವರ್ಷ ಬದುಕಿದ ಜನರ ಮೈ ಕಪ್ಪಾಗಿರುವುದು ಇದೇ ಕಾರಣಕ್ಕೆ. ಬಳ್ಳಾರಿ, ರಾಯಚೂರಿನ ಬಿಸಿಲು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೆಲನಿನ್ ಎಷ್ಟಿರಬೇಕು ಎನ್ನುವುದು ಒಂದೇ ಜೀನ್‌ನಿಂದ ತೀರ್ಮಾನ ಆಗುವುದಿಲ್ಲ. ಹತ್ತಾರು ಜೀನ್‌ಗಳು ಅದರಲ್ಲಿ ಕೈ ಹಾಕುತ್ತವೆ. ನಮ್ಮ ಮನೆಗಳಲ್ಲಿ ಬೇಸಿಗೆಯಲ್ಲಿ ಮಸಾಲೆ ಖಾರ ಕುಟ್ಟಿಸುವುದನ್ನು ನೆನಪು ಮಾಡಿಕೊಳ್ಳಿ. ಬ್ಯಾಡಗಿ ಮೆಣಸಿನಕಾಯಿ, ಗುಂಟೂರು ಮೆಣಸಿನಕಾಯಿ, ಕೊತ್ತಂಬರಿ, ಒಣಕೊಬ್ಬರಿ, ಅರಿಶಿಣ ಎಲ್ಲ ಅದೇ. ಅಳತೆ ಒಂದಿಷ್ಟು ಹೆಚ್ಚು ಕಡಿಮೆ ಆದರೆ ಈ ವರ್ಷದ ಡಬ್ಬಿಯ ಬಣ್ಣ ಹೋದ ವರ್ಷದ ಹಾಗೆ ಇರುವುದಿಲ್ಲ, ಅಲ್ವಾ? ಮಗುವಿಗೂ ಹಾಗೆ. ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಜೀನ್‌ಗಳು ಬರುತ್ತವೆ. ಯಾವ ಅರ್ಧ ಎನ್ನುವುದು ಪ್ರತಿ ಮಗುವಿಗೂ ಬೇರೆ. ಅದಕ್ಕೇ ಒಂದೇ ತಾಯಿ ಹಡೆದ ಮಕ್ಕಳಲ್ಲಿ ಒಬ್ಬ ಕಪ್ಪು, ಒಬ್ಬಳು ಕೆಂಪು. ಒಂದೇ ಜಾತಿಯ ಒಂದೇ ಓಣಿಯಲ್ಲೂ ಎಲ್ಲ ಬಣ್ಣದವರು ಸಿಗುತ್ತಾರೆ. ಬಣ್ಣ ನೋಡಿ ಜಾತಿ ಹೇಳುತ್ತೇನೆ ಎನ್ನುವುದಕ್ಕೆ ಆಧಾರ ಇಲ್ಲ.

ಇನ್ನೊಂದು ಮಾತು. ಹುಟ್ಟಿದ ಕೂಸಿನ ಬಣ್ಣ ನಿಲ್ಲುವುದಿಲ್ಲ. ಮೊದಲ ದಿನಗಳಲ್ಲಿ ಮೈ ಕೆಂಪಾಗಿ ಕಾಣುತ್ತದೆ, ಮೆಲನಿನ್ ಕೂಡಿಕೊಳ್ಳುತ್ತಾ ತಿಂಗಳುಗಟ್ಟಲೆ ಬದಲಾಗುತ್ತದೆ. ಕಿವಿಯ ತುದಿ ನೋಡಿ ಮುಂದಿನ ಬಣ್ಣ ಹೇಳುವ ಅಜ್ಜಿಯರು ನಮ್ಮಲ್ಲಿ ಈಗಲೂ ಇದ್ದಾರೆ. ಹಾಗಾಗಿ ಮೂರು ತಿಂಗಳ ಕೂಸಿನ ಫೋಟೋ ನೋಡಿ ಬಣ್ಣ ತೀರ್ಮಾನ ಮಾಡುವವರು, ಮುಂದೆ ಹಾಗೆಯೇ ಇರದ ಒಂದು ಸಂಗತಿಗಾಗಿ ಮಗುವನ್ನೇ ಬಿಡುತ್ತಿರುತ್ತಾರೆ.

## ಜಾತಿ ಗೊತ್ತಿಲ್ಲದ ಮಗು

ಕೂಸನ್ನು ಬಿಟ್ಟುಹೋಗುವವರಿಗೆಂದೇ ಇಟ್ಟ ತೊಟ್ಟಿಲಿನಲ್ಲಿ, ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯಲ್ಲಿ ಸಿಕ್ಕ ಮಗುವಿನ ಜಾತಿ ಯಾರಿಗೂ ಗೊತ್ತಿರುವುದಿಲ್ಲ. ಅಧಿಕಾರಿಗಳು ಮುಚ್ಚಿಡುತ್ತಿದ್ದಾರೆ ಎಂದಲ್ಲ, ಅವರಿಗೂ ಗೊತ್ತಿಲ್ಲ. ಇಂಥ ಮಗುವನ್ನು ಮೊದಲು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರುತ್ತಾರೆ. ಹೆತ್ತವರನ್ನು ಹುಡುಕುವ ಪ್ರಯತ್ನ ನಡೆಯುತ್ತದೆ. ಎರಡು ವರ್ಷದೊಳಗಿನ ಮಗುವಾದರೆ ಎರಡು ತಿಂಗಳು, ದೊಡ್ಡದಾದರೆ ನಾಲ್ಕು ತಿಂಗಳು. ಯಾರೂ ಸಿಗದಿದ್ದರೆ ದತ್ತಿಗೆ ಮುಕ್ತ ಎಂದು ಸಮಿತಿ ಘೋಷಿಸುತ್ತದೆ. ಹೆತ್ತವರೇ ಒಪ್ಪಿಸಿದ್ದರೆ ಅವರಿಗೆ ಮತ್ತೊಮ್ಮೆ ಯೋಚಿಸಲು 60 ದಿನ ಸಮಯ ಇದೆ. ಆ ಮೇಲೆಯೂ ಅವರ ಗುರುತನ್ನು ಯಾರಿಗೂ ಹೇಳುವಂತಿಲ್ಲ.

ದತ್ತು ಆದೇಶ ಕೈಗೆ ಬಂದ ದಿನದಿಂದ ಮಗು ಎಲ್ಲ ವಿಷಯದಲ್ಲೂ ದತ್ತು ತಂದೆ ತಾಯಿಯದ್ದೇ. ಅವರಿಗೇ ಹುಟ್ಟಿದ ಮಗುವಿಗೆ ಏನೆಲ್ಲ ಹಕ್ಕು ಇರುತ್ತದೋ ಅದೆಲ್ಲ ಇದಕ್ಕೂ ಇದೆ, ಆಸ್ತಿಯೂ ಸೇರಿ. ಇದು ಬಾಲ ನ್ಯಾಯ ಕಾಯ್ದೆಯ 63ನೇ ಸೆಕ್ಷನ್. ಜನನ ಪ್ರಮಾಣಪತ್ರದಲ್ಲೂ ಅವರದ್ದೇ ಹೆಸರು. ಮೊದಲು ಈ ಆದೇಶವನ್ನು ಕೋರ್ಟು ಕೊಡುತ್ತಿತ್ತು. 2021ರ ತಿದ್ದುಪಡಿ 2022ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಮೇಲೆ ಜಿಲ್ಲಾಧಿಕಾರಿಗಳೇ ಕೊಡುತ್ತಾರೆ.

ಮೀಸಲಾತಿಯ ವಿಷಯ ಮಾತ್ರ ಸ್ವಲ್ಪ ಗೋಜಲು. 1996ರ ವಲ್ಸಮ್ಮ ಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿದೆ. ಮುಂದುವರಿದ ಸಮುದಾಯದಲ್ಲಿ ಹುಟ್ಟಿದವರು ಮದುವೆಯಿಂದಲೋ ದತ್ತಿನಿಂದಲೋ ಹಿಂದುಳಿದ ಸಮುದಾಯಕ್ಕೆ ಬಂದ ಮಾತ್ರಕ್ಕೆ ಮೀಸಲಾತಿ ಸಿಗುವುದಿಲ್ಲ, ಆ ಸಮುದಾಯದ ಕಷ್ಟವನ್ನು ಅವರು ಉಂಡಿಲ್ಲ ಎಂಬುದು ಅದರ ತಿರುಳು. ಹುಟ್ಟೇ ಗೊತ್ತಿಲ್ಲದ, ಕೂಸಿದ್ದಾಗಲೇ ಬಂದು ಆ ಮನೆಯಲ್ಲೇ ಬೆಳೆದ ಮಗುವಿನ ಸಂಗತಿ ಬೇರೆ. ಜಾತಿ ಪ್ರಮಾಣಪತ್ರ ಕೊಡುವವರು ತಹಶೀಲ್ದಾರರು. ಶಾಲೆಗೆ ಸೇರಿಸುವ ಮೊದಲೇ ದತ್ತು ಆದೇಶದ ಪ್ರತಿ ಹಿಡಿದು ಅವರನ್ನು ಕೇಳುವುದು ಒಳ್ಳೆಯದು.

## ಗಂಡು, ಹೆಣ್ಣು

ಇಲ್ಲಿ ಒಂದು ಅಚ್ಚರಿ ಇದೆ. ದತ್ತಿಗೆ ಹೋಗುವವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. 2018–19ರಲ್ಲಿ ದೇಶದಲ್ಲಿ ದತ್ತಾದ ಮಕ್ಕಳಲ್ಲಿ ಸುಮಾರು ನೂರಕ್ಕೆ 60 ಹೆಣ್ಣು. ಹೆಣ್ಣುಮಗುವೇ ಬೇಕು ಎಂದು ಬರೆಯುವವರು ಹೆಚ್ಚಿದ್ದಾರೆ, ಅದು ನಿಜ. ಆದರೆ ಬಿಟ್ಟುಹೋಗುವ ಕೂಸುಗಳಲ್ಲೂ ಹೆಣ್ಣೇ ಜಾಸ್ತಿ. ಬರೀ ಸಂತೋಷ ಪಡುವ ಅಂಕಿ ಅಲ್ಲ ಇದು.

## ಅಮೆರಿಕದ ಕರಿಯ–ಬಿಳಿಯ ಪ್ರಶ್ನೆ

ನಮ್ಮಲ್ಲಿ ಬಣ್ಣ, ಜಾತಿ ಎಂದು ಏಳುವ ಪ್ರಶ್ನೆ ಅಮೆರಿಕದಲ್ಲಿ ಜನಾಂಗದ ಪ್ರಶ್ನೆಯಾಗಿ ಏಳುತ್ತದೆ. ಅದು ಅಲ್ಲಿ ಗುಟ್ಟೂ ಅಲ್ಲ. ಖಾಸಗಿ ದತ್ತು ಸಂಸ್ಥೆಗಳ ಅರ್ಜಿಯಲ್ಲಿ ಯಾವ ಜನಾಂಗದ ಮಗು ಒಪ್ಪಿಗೆ ಎಂದು ಗುರುತು ಹಾಕಬಹುದು. ಕೆಲವು ಕಡೆ ಬಿಳಿ ಮಗುವಿಗೆ ಹೆಚ್ಚು, ಕಪ್ಪು ಮಗುವಿಗೆ ಕಡಿಮೆ ಶುಲ್ಕ ಇದ್ದದ್ದೂ ವರದಿಯಾಗಿದೆ.

ಅಲ್ಲಿನ ವಾದ ಎರಡು ಕಡೆಯಿಂದ ಬಂತು. 1972ರಲ್ಲಿ ಕಪ್ಪು ಸಮಾಜ ಕಾರ್ಯಕರ್ತರ ರಾಷ್ಟ್ರೀಯ ಸಂಘ, ಕಪ್ಪು ಮಕ್ಕಳನ್ನು ಬಿಳಿಯರ ಮನೆಗೆ ಕೊಡಬಾರದು ಎಂದು ಗಟ್ಟಿಯಾಗಿ ಹೇಳಿತು. ಜನಾಂಗದ ಹೆಸರಿನಲ್ಲಿ ಅವಮಾನ ನಡೆಯುವ ಸಮಾಜದಲ್ಲಿ ಅದನ್ನು ಎದುರಿಸಲು ಕಲಿಸುವವರು ಆ ಮಗುವಿಗೆ ಬೇಕು ಎಂಬುದು ಅವರ ಕಾಳಜಿ. ಅಲ್ಲಿನ ಮೂಲನಿವಾಸಿಗಳ ಮಕ್ಕಳನ್ನು ದೊಡ್ಡ ಸಂಖ್ಯೆಯಲ್ಲಿ ಮನೆಯಿಂದ ತೆಗೆದು ಬೇರೆಯವರಿಗೆ ಕೊಡುತ್ತಿದ್ದರು. ಅದನ್ನು ತಡೆಯಲು 1978ರಲ್ಲಿ ಕಾನೂನು ಬಂತು. ಮಗುವಿನ ಬಳಗಕ್ಕೆ, ಬುಡಕಟ್ಟಿಗೆ ಮೊದಲ ಆದ್ಯತೆ ಎಂದು ಅದು ಹೇಳುತ್ತದೆ. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇನ್ನೊಂದು ಕಡೆ, ಹೊಂದುವ ಜನಾಂಗದ ಮನೆ ಸಿಗಲಿ ಎಂದು ಕಾದು ಕಾದು ಕಪ್ಪು ಮಕ್ಕಳು ವರ್ಷಗಟ್ಟಲೆ ಉಳಿದುಹೋಗುತ್ತಿದ್ದರು. ಹಾಗಾಗಿ 1994 ಮತ್ತು 1996ರ ಕಾನೂನುಗಳು, ಸರ್ಕಾರದ ಹಣ ಪಡೆಯುವ ಸಂಸ್ಥೆಗಳು ಜನಾಂಗದ ಕಾರಣಕ್ಕೆ ದತ್ತನ್ನು ತಡ ಮಾಡುವಂತಿಲ್ಲ ಎಂದವು.

ನಮ್ಮ ದೇಶದ ಮಕ್ಕಳೂ ಹೊರದೇಶಕ್ಕೆ ದತ್ತು ಹೋಗುತ್ತಾರೆ. ಆ ಹೆಸರಿನಲ್ಲಿ ಅಕ್ರಮ ನಡೆಯುತ್ತಿದೆ ಎಂದು ವಕೀಲ ಲಕ್ಷ್ಮೀಕಾಂತ ಪಾಂಡೆ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. 1984ರಲ್ಲಿ ಬಂದ ತೀರ್ಪು ಈ ವಿಷಯಕ್ಕೆ ನಿಯಮಗಳನ್ನು ಹಾಕಿತು, ಮುಂದೆ 1990ರಲ್ಲಿ ಕಾರಾ ಹುಟ್ಟಿತು. ಇವತ್ತಿನ ನಿಯಮದಲ್ಲಿ ಮೊದಲ ಅವಕಾಶ ಭಾರತೀಯರಿಗೆ. ಸಾಧ್ಯವಾದ ಮಟ್ಟಿಗೆ ಮಗು ತನ್ನದೇ ಸಾಮಾಜಿಕ, ಸಾಂಸ್ಕೃತಿಕ ಪರಿಸರದಲ್ಲಿ ಬೆಳೆಯಬೇಕು ಎಂದೂ ಅದರಲ್ಲಿದೆ.

ಇದನ್ನು ಓದಿ, ಹಾಗಾದರೆ ಅದೇ ಜಾತಿಯ ಮಗು ಕೇಳಿದರೆ ತಪ್ಪೇನು ಎಂದು ಕೆಲವರು ಕೇಳಬಹುದು. ವ್ಯತ್ಯಾಸ ಇದೆ. ಈ ನಿಯಮ ಇರುವುದು ಮಗುವಿನ ಕಡೆಯಿಂದ ನೋಡಿ. ಬಳ್ಳಾರಿಯಲ್ಲಿ ಸಿಕ್ಕ ಐದು ವರ್ಷದ ಮಗು ತೆಲುಗು ಮಾತಾಡುತ್ತಿರಬಹುದು, ರಾಯಚೂರಿನದು ಉರ್ದು, ತಾಂಡಾದ ಮಗು ಲಂಬಾಣಿ ಮಾತು. ಅದರ ಮಾತು ತಿಳಿಯುವ, ಅದು ಉಂಡು ಬೆಳೆದ ರೊಟ್ಟಿ ಸಿಗುವ ಮನೆಯಾದರೆ ಮಗು ಬೇಗ ಹೊಂದಿಕೊಳ್ಳುತ್ತದೆ. ಮೂರು ತಿಂಗಳ ಕೂಸಿಗೆ ಜಾತಿಯೂ ಇಲ್ಲ, ಭಾಷೆಯೂ ಇಲ್ಲ. ಅದಕ್ಕೆ ಜಾತಿ ಬೇಕಾಗಿರುವುದು ದೊಡ್ಡವರಿಗೆ.

## ಮನೆ ಅಧ್ಯಯನ: ನಿಜವಾದ ಮಾತು ಹೊರಬರುವ ಜಾಗ

ನೋಂದಣಿ ಆಗಿ ದಾಖಲೆ ಕೊಟ್ಟ ಮೇಲೆ ಸಮಾಜ ಕಾರ್ಯಕರ್ತರು ಮನೆಗೆ ಬರುತ್ತಾರೆ. ಇದಕ್ಕೆ ಮನೆ ಅಧ್ಯಯನ ಎನ್ನುತ್ತಾರೆ. ಒಮ್ಮೆ ಬರೆದ ವರದಿ ಮೂರು ವರ್ಷ ನಡೆಯುತ್ತದೆ. ಮನೆ ದೊಡ್ಡದಿದೆಯಾ, ಟೈಲ್ಸ್ ಹಾಕಿದೆಯಾ ಎಂದು ನೋಡಲು ಬರುತ್ತಾರೆ ಎಂದು ಜನ ತಿಳಿದಿದ್ದಾರೆ. ಆದಾಯ, ಆರೋಗ್ಯ ನೋಡುವುದು ಹೌದು. ಅದಕ್ಕಿಂತ ಮುಖ್ಯವಾಗಿ ನೋಡುವುದು ಮನೆಯಲ್ಲಿರುವ ಎಲ್ಲರೂ ಮಗುವಿಗೆ ತಯಾರಿದ್ದಾರಾ ಎಂದು.

ಸಿಂಧನೂರು ಕಡೆಯ ಒಂದು ಮನೆ ಎಂದು ಇಟ್ಟುಕೊಳ್ಳಿ. ಗಂಡನದು ಗೊಬ್ಬರದ ಅಂಗಡಿ, ಹೆಂಡತಿ ಶಾಲೆ ಟೀಚರ್. ಅತ್ತೆ ಇದ್ದಾರೆ, ಮೈದುನ ಇದ್ದಾನೆ, ಅವನಿಗೆ ಎರಡು ಮಕ್ಕಳು. ಚಹಾ ಆದ ಮೇಲೆ ಅತ್ತೆ ತಾವಾಗಿಯೇ ಹೇಳುತ್ತಾರೆ:

"ನಮಗ ಬ್ಯಾರೆ ಏನೂ ಬ್ಯಾಡ್ರೀ ಮೇಡಂ. ಕೂಸು ಒಂದೀಟು ಕೆಂಪಗ ಇದ್ರ ಸಾಕು. ನನ್ನ ಮಗಾ, ಸೊಸಿ ಇಬ್ರೂ ಕೆಂಪಗ ಇದಾರ. ಇಲ್ಲಾಂದ್ರ ಮಂದಿ ಕೇಳ್ತಾರ."

"ಮಂದಿ ಕೇಳಿದ್ರ ನೀವೇನು ಹೇಳ್ತೀರಮ್ಮಾ?"

ಅತ್ತೆ ಸೊಸೆಯ ಕಡೆ ನೋಡುತ್ತಾರೆ. ಸೊಸೆ ಗಂಡನ ಕಡೆ ನೋಡುತ್ತಾಳೆ. ಈ ಪ್ರಶ್ನೆಯನ್ನು ಆ ಮನೆಯಲ್ಲಿ ಅಲ್ಲಿಯತನಕ ಯಾರೂ ಬಾಯಿಬಿಟ್ಟು ಕೇಳಿರುವುದಿಲ್ಲ.

ಇಂಥ ಮಾತು ಬಂದ ಕೂಡಲೇ ಅರ್ಜಿ ತಿರಸ್ಕಾರ ಆಗುತ್ತದೆ ಎಂದು ಹೆದರಬೇಕಾಗಿಲ್ಲ. ಮಾತು ಹೊರಗೆ ಬಂದರೆ ಅದರ ಬಗ್ಗೆ ಕೂತು ಮಾತಾಡಬಹುದು. ಒಳಗೇ ಉಳಿದರೆ ಮಗು ಬಂದ ಮೇಲೆ ಬೇರೆ ರೂಪದಲ್ಲಿ ಬರುತ್ತದೆ. ಮಗು ಹಟ ಮಾಡಿದರೆ "ಯಾರ ರಕ್ತಾನೋ" ಎನ್ನುತ್ತಾರೆ. ಶಾಲೆಯಲ್ಲಿ ಮಾರ್ಕ್ಸ್ ಕಡಿಮೆ ಬಂದರೂ ಅದೇ ಮಾತು.

ಇನ್ನು ಕೆಲವು ಸಂಗತಿಗಳನ್ನು ಮನೆಯವರೇ ಮೊದಲು ಕೇಳಿಕೊಳ್ಳಬೇಕು. ತೊಟ್ಟಿಲು ಶಾಸ್ತ್ರದ ದಿನ ಕಿವಿಯಲ್ಲಿ ಹೆಸರು ಹೇಳಲು ಸೋದರತ್ತೆ ಬರುತ್ತಾಳಾ? ಮನೆದೇವರ ಗುಡಿಯಲ್ಲಿ ಜವಳ ತೆಗೆಸುವಾಗ ಸೋದರಮಾವ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾನಾ? ಮೈದುನನ ಮಕ್ಕಳಿಗೆ ಅಜ್ಜಿ ಕೊಡುವ ಹಬ್ಬದ ಬಟ್ಟೆ ಈ ಮಗುವಿಗೂ ಅದೇ ಬೆಲೆಯದ್ದು ಬರುತ್ತದಾ? ನಮ್ಮಲ್ಲಿ ಮಗು ಯಾರದು ಎಂದು ತೀರ್ಮಾನ ಆಗುವುದು ಕಾಗದದಲ್ಲಿ ಅಷ್ಟೇ ಅಲ್ಲ, ಈ ಶಾಸ್ತ್ರಗಳಲ್ಲೂ ಆಗುತ್ತದೆ. ಸೋದರಮಾವ ಒಪ್ಪಿ ತೊಡೆಯ ಮೇಲೆ ಕೂರಿಸಿಕೊಂಡ ಮೇಲೆ ಜಾತಿ ಕೇಳುವವರ ದನಿ ತಾನಾಗಿಯೇ ತಗ್ಗುತ್ತದೆ.

## ಮಗುವಿಗೆ ಹೇಳಬೇಕಾ?

ಹೇಳಬೇಕು. ಅದೂ ಚಿಕ್ಕಂದಿನಿಂದಲೇ, ಅದರ ವಯಸ್ಸಿಗೆ ತಕ್ಕ ಹಾಗೆ. ದತ್ತು ಕ್ಷೇತ್ರದಲ್ಲಿ ಕೆಲಸ ಮಾಡುವವರು ಹೇಳುವುದು ಇದನ್ನೇ. ಊರಿನಲ್ಲಿ ಗುಟ್ಟು ನಿಲ್ಲುವುದಿಲ್ಲ. ಅಪ್ಪ ಅಮ್ಮನ ಬಾಯಿಂದ ಕೇಳದ ಮಗು ಜಾತ್ರೆಯಲ್ಲೋ, ಮದುವೆ ಮನೆಯಲ್ಲೋ ಬೇರೆಯವರ ಬಾಯಿಂದ ಕೇಳುತ್ತದೆ. ಬಣ್ಣ ಹೊಂದಿದರೂ ಅಷ್ಟೇ, ಹೊಂದದಿದ್ದರೂ ಅಷ್ಟೇ. ಮುಚ್ಚಿಡುವ ಯೋಚನೆ ಬಿಟ್ಟ ಮೇಲೆ ಮಗು ನಮ್ಮಂತೆ ಕಾಣಬೇಕು ಎಂಬ ಹಟವೂ ಸಡಿಲ ಆಗುತ್ತದೆ ಎಂದು ನನಗೆ ಅನಿಸುತ್ತದೆ.

ದೊಡ್ಡವರಾದ ಮೇಲೆ ತಮ್ಮ ಹುಟ್ಟಿನ ಬಗ್ಗೆ ತಿಳಿಯಬೇಕು ಅನಿಸಿದರೆ ನಿಯಮದಲ್ಲೇ ಅವಕಾಶ ಇದೆ. 18 ತುಂಬಿದವರು ತಾವೇ ಅರ್ಜಿ ಹಾಕಬಹುದು, ಅದಕ್ಕಿಂತ ಚಿಕ್ಕವರಾದರೆ ದತ್ತು ತಂದೆ ತಾಯಿಯ ಜೊತೆ. ಬೇರೆ ಯಾರೂ ಅವರ ಪರವಾಗಿ ಕೇಳುವಂತಿಲ್ಲ.

## ಅಡ್ಡದಾರಿ ಬೇಡ

ಸಾಲು ಉದ್ದ, ಆಯ್ಕೆ ಕಡಿಮೆ ಎಂದಾಗ ಕಿವಿಯಲ್ಲಿ ಪಿಸುಗುಟ್ಟುವವರು ಹುಟ್ಟಿಕೊಳ್ಳುತ್ತಾರೆ. "ನಿಮ್ಮ ಮಂದೀದೇ ಕೂಸು ಐತಿ, ಕೆಂಪಗ ಐತಿ, ಆಸ್ಪತ್ರೆಯಿಂದಲೇ ಕೊಡಿಸ್ತೀನಿ" ಎನ್ನುವ ಮಾತು ಬಂದರೆ ಅಲ್ಲಿಂದ ಎದ್ದು ಬನ್ನಿ. ಬಣ್ಣ ಮತ್ತು ಜಾತಿಯ ಆಸೆಯನ್ನೇ ಅವರು ಬಂಡವಾಳ ಮಾಡಿಕೊಳ್ಳುತ್ತಾರೆ. 2021ರಲ್ಲಿ ಕೋವಿಡ್ ಹೊತ್ತಿಗೆ, ತಂದೆ ತಾಯಿ ತೀರಿಕೊಂಡ ಕೂಸು ಇದೆ, ಬೇಕಾದವರು ಫೋನ್ ಮಾಡಿ ಎಂಬ ಸಂದೇಶಗಳು ಮೊಬೈಲುಗಳಲ್ಲಿ ಓಡಾಡಿದವು. ಅದೂ ಕಾನೂನುಬಾಹಿರ ಎಂದು ಸರ್ಕಾರ ಎಚ್ಚರಿಸಬೇಕಾಯಿತು.

ಬಾಲ ನ್ಯಾಯ ಕಾಯ್ದೆಯ 80ನೇ ಸೆಕ್ಷನ್ ಪ್ರಕಾರ, ಅನಾಥ ಅಥವಾ ಬಿಟ್ಟುಹೋದ ಮಗುವನ್ನು ನಿಯಮ ಬಿಟ್ಟು ದತ್ತು ಕೊಟ್ಟರೂ ತೆಗೆದುಕೊಂಡರೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಮಗುವನ್ನು ಮಾರಿದರೆ, ಕೊಂಡರೆ 81ನೇ ಸೆಕ್ಷನ್ ಇನ್ನೂ ಕಠಿಣ. ಐದು ವರ್ಷದವರೆಗೆ ಜೈಲು ಮತ್ತು ದಂಡ. ಮಾಡಿದವರು ಆಸ್ಪತ್ರೆ ಸಿಬ್ಬಂದಿಯಾಗಿದ್ದರೆ ಮೂರರಿಂದ ಏಳು ವರ್ಷ. ಹೀಗೆ ಬಂದ ಮಗುವಿನ ಮೇಲೆ ಮುಂದೆ ಯಾರಾದರೂ ಹಕ್ಕು ಹೇಳಿ ಬಂದರೆ ಕಾನೂನು ನಿಮ್ಮ ಬೆನ್ನಿಗೆ ನಿಲ್ಲುವುದಿಲ್ಲ.

ಎಲ್ಲಾದರೂ ಬಿಟ್ಟುಹೋದ ಕೂಸು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ದತ್ತಿಗೆ ನೋಂದಣಿ ಮಾಡಬೇಕಿದ್ದರೆ ಸೈಬರ್ ಸೆಂಟರಿಗೆ ಹೋಗುವ ಮೊದಲು ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ. ಆಯ್ಕೆಯ ಕಾಲಂಗಳನ್ನು ಅವರ ಮುಂದೆಯೇ ಓದಿ ಅರ್ಥ ಮಾಡಿಕೊಳ್ಳಿ. ಸಾಧ್ಯವಾದರೆ ಅತ್ತೆ ಮಾವನನ್ನೋ, ಅಪ್ಪ ಅಮ್ಮನನ್ನೋ ಜೊತೆಗೆ ಕರೆದುಕೊಂಡು ಹೋಗಿ. ಬಣ್ಣದ ಪ್ರಶ್ನೆ, ಮಂದಿಯ ಪ್ರಶ್ನೆ ಇದ್ದರೆ ಅವರು ಅಲ್ಲೇ ಕೇಳಲಿ. ಮಗು ಮನೆಗೆ ಬಂದ ಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರು ವಿಚಾರಿಸಿಕೊಳ್ಳಲು ಬರುತ್ತಾರೆ. ನೆರೆಯವರ ಮಾತು, ನೆಂಟರ ಮುನಿಸು, ಮಗು ಕೇಳುವ ಪ್ರಶ್ನೆ ಏನಿದ್ದರೂ ಆಗಲೂ ಅವರ ಮುಂದೆ ಹೇಳಬಹುದು.